ಮೊಳೆಯದ ಕುಂಡವನ್ನು ಎಸೆಯುವ ಮುನ್ನ: ಲಿಲಿಯನ್ನು ಗುರುತಿಸಿ ಬೆಳೆಸುವ ಕ್ರಮ

ಲಿಲಿ ಬೆಳೆಸುವವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಮೂರೇ. ಬೀಜ ಬಿತ್ತಿ ಎರಡು ತಿಂಗಳಾದರೂ ಒಂದೂ ಏಕೆ ಮೇಲೆ ಬಂದಿಲ್ಲ? ಮೊದಲ ವರ್ಷ ಚೆನ್ನಾಗಿ ಹೂಬಿಟ್ಟ ಗೆಡ್ಡೆ ಮರುವರ್ಷ ಎಲ್ಲಿ ಹೋಯಿತು? ಬೀಜದಿಂದ ಬಂದ ಹೂವು ತಾಯಿಗಿಡದ ಹೂವನ್ನು ಏಕೆ ಹೋಲುವುದಿಲ್ಲ? ಇವುಗಳಿಗೆ ಉತ್ತರ ಹುಡುಕುತ್ತ ಹೋದರೆ ಪ್ರತಿಸಲವೂ ಬಂದು ನಿಲ್ಲುವುದು ಒಂದೇ ಜಾಗಕ್ಕೆ: ಕೈಯಲ್ಲಿರುವುದು ಯಾವ ಲಿಲಿ ಎಂದು ತಿಳಿಯದೆಯೇ ಬಿತ್ತನೆ ಆಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗುರುತಿಸುವ ಕೆಲಸವನ್ನು ಮೊದಲಿಗೆ ಇಟ್ಟು, ಮಣ್ಣು ನೀರಿನ ವಿಷಯವನ್ನು ಆಮೇಲೆ ಹೇಳಿದ್ದೇನೆ.

ಮನೆಯಲ್ಲಿ ಬೆಕ್ಕು ಇರುವವರು ಮುಂದಕ್ಕೆ ಓದುವ ಮೊದಲೇ ಒಂದು ಮಾತು ತಿಳಿದಿರಬೇಕು. ನಿಜವಾದ ಲಿಲಿಯ ಎಲೆ, ಹೂವು, ಗೆಡ್ಡೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲವು. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಡೇ ಲಿಲಿಯೂ ಬೆಕ್ಕಿಗೆ ಇಷ್ಟೇ ಅಪಾಯಕಾರಿ. ಅನುಮಾನ ಬಂದ ಕೂಡಲೇ, ಲಕ್ಷಣ ಕಾಣಿಸುವವರೆಗೆ ಕಾಯದೆ ಪಶುವೈದ್ಯರ ಬಳಿಗೆ ಹೋಗಬೇಕು. ಬೆಕ್ಕು ಓಡಾಡುವ ಮನೆಯಲ್ಲಿ ಲಿಲಿ ಬೆಳೆಸದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅದು ಲಿಲಿಯೇ ಹೌದೇ?

ಹೆಸರಿನಲ್ಲಿ ಲಿಲಿ ಇದ್ದ ಮಾತ್ರಕ್ಕೆ ಗಿಡ ಲಿಲಿಯಾಗುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಲಿಲಿ ಎಂದರೆ ಲಿಲಿಯಂ ಎಂಬ ಕುಲ, ಅಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು. ಇದರಲ್ಲಿ ಸುಮಾರು 100 ಪ್ರಭೇದಗಳಿವೆ. ಅವುಗಳ ನೆಲೆ ಮುಖ್ಯವಾಗಿ ಏಷ್ಯಾ, ಯುರೋಪ್ ಮತ್ತು ಉತ್ತರ ಅಮೆರಿಕದ ತಂಪು ಪ್ರದೇಶಗಳು. ದಕ್ಷಿಣಕ್ಕೆ ಬಂದಂತೆ ಅವು ಎತ್ತರದ ಬೆಟ್ಟಗಳನ್ನು ಹಿಡಿದುಕೊಂಡಿವೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಬಿಳಿ ಲಿಲಿ, ಮಣಿಪುರದ ಶಿರುಯಿ ಬೆಟ್ಟದ ತಿಳಿಗುಲಾಬಿ ಲಿಲಿ ಇದಕ್ಕೆ ಉದಾಹರಣೆ. ಮಳೆ ಲಿಲಿ ಮತ್ತು ಸ್ಪೈಡರ್ ಲಿಲಿಗಳು ಅಮರಿಲ್ಲಿಸ್ ಕುಟುಂಬದವು, ಪೀಸ್ ಲಿಲಿ ಮತ್ತು ಕ್ಯಾಲಾ ಲಿಲಿಗಳು ಕೆಸುವಿನ ಕುಟುಂಬದವು. ಫ್ಲೇಮ್ ಲಿಲಿ ಎಂದು ಕರೆಯಲಾಗುವ ಅಗ್ನಿಶಿಖೆ ಎಲೆಯ ತುದಿಯನ್ನೇ ಬಳ್ಳಿಯಂತೆ ಸುತ್ತಿ ಹತ್ತುವ ಬೇರೆಯೇ ಗಿಡ. ವಾಟರ್ ಲಿಲಿಯಂತೂ ನಮ್ಮ ನೈದಿಲೆ. ಇವುಗಳಿಗೆ ಕೆಳಗಿನ ಕ್ರಮ ಅನ್ವಯಿಸುವುದಿಲ್ಲ.

ಗುರುತು ಹಿಡಿಯಲು ಮೂರು ಕಡೆ ನೋಡಬೇಕು. ಮೊದಲನೆಯದು ಗೆಡ್ಡೆ. ಈರುಳ್ಳಿಗೆ ಇರುವಂತಹ ಒಣ ಸಿಪ್ಪೆ ಲಿಲಿಯ ಗೆಡ್ಡೆಗೆ ಇರುವುದಿಲ್ಲ. ಸುಲಿದ ಬೆಳ್ಳುಳ್ಳಿಯ ಎಸಳುಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಿದಂತೆ ಅದು ಕಾಣುತ್ತದೆ. ಈ ಎಸಳುಗಳಿಗೆ ಶಲ್ಕ ಎಂದು ಹೆಸರು. ಎರಡನೆಯದು ಕಾಂಡ. ಲಿಲಿಯಲ್ಲಿ ನೆಟ್ಟಗೆ ಏಳುವ ಒಂದೇ ಕಾಂಡದ ಉದ್ದಕ್ಕೂ ಎಲೆಗಳಿರುತ್ತವೆ, ತುದಿಯಲ್ಲಿ ಹೂವಿರುತ್ತದೆ. ಡೇ ಲಿಲಿಯಲ್ಲಾದರೋ ಪಟ್ಟಿಯಂತಹ ಎಲೆಗಳೆಲ್ಲ ಬುಡದಿಂದಲೇ ಹೊರಡುತ್ತವೆ, ಹೂವಿನ ದಂಟು ಬೋಳಾಗಿರುತ್ತದೆ, ನೆಲದೊಳಗೆ ಗೆಡ್ಡೆಯ ಬದಲು ದಪ್ಪ ಬೇರುಗಳಿರುತ್ತವೆ. ಮೂರನೆಯದು ಹೂವು. ಲಿಲಿಗೆ ಆರು ದಳ, ಆರು ಕೇಸರ, ಪ್ರತಿ ಕೇಸರದ ತುದಿಯಲ್ಲಿ ತಕ್ಕಡಿಯ ದಂಡಿಗೆಯಂತೆ ತೂಗಾಡುವ ಪರಾಗದ ಚೀಲ ಇರುತ್ತವೆ. ಅಂಡಾಶಯ, ಅಂದರೆ ಮುಂದೆ ಕಾಯಿಯಾಗುವ ಭಾಗ, ದಳಗಳ ಒಳಗೆ ನಡುವಿನಲ್ಲಿರುತ್ತದೆ. ಮಳೆ ಲಿಲಿಯಲ್ಲಿ ಅದೇ ಭಾಗ ದಳಗಳ ಕೆಳಗೆ, ತೊಟ್ಟಿನ ಮೇಲಿನ ಉಬ್ಬಾಗಿ ಕಾಣುತ್ತದೆ.

ಯಾವ ಲಿಲಿ?

ತೋಟಗಾರರು ಲಿಲಿಗಳನ್ನು ಒಂಬತ್ತು ವಿಭಾಗಗಳಲ್ಲಿ ಇಡುತ್ತಾರೆ. ಮನೆಯಂಗಳಕ್ಕೆ ಬರುವುದು ಹೆಚ್ಚಾಗಿ ನಾಲ್ಕೈದು ಬಗೆಗಳು ಮಾತ್ರ, ಆದ್ದರಿಂದ ಅವನ್ನಷ್ಟೇ ಹೇಳುತ್ತೇನೆ.

ಏಷ್ಯಾಟಿಕ್ ತಳಿಗಳ ಎಲೆ ಕಿರಿದು, ಹೂವು ಬಹುಮಟ್ಟಿಗೆ ಆಕಾಶಕ್ಕೆ ಮುಖ ಮಾಡಿರುತ್ತದೆ, ಸುವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಓರಿಯಂಟಲ್ ತಳಿಗಳ ಎಲೆ ಅಗಲ, ಹೂವು ದೊಡ್ಡದು, ಒಂದೇ ಹೂವಿನ ಪರಿಮಳ ಕೋಣೆಯನ್ನೆಲ್ಲ ತುಂಬುತ್ತದೆ. ದಳದ ಒಳಮೈಯಲ್ಲಿ ಬೆರಳಿಗೆ ತಾಗುವ ಸಣ್ಣ ಗುಳ್ಳೆಗಳಿರುವುದು ಇವುಗಳ ಒಳ್ಳೆಯ ಗುರುತು. ಟೈಗರ್ ಲಿಲಿಯನ್ನು ಗುರುತಿಸಲು ಹೂವೇ ಬೇಕಿಲ್ಲ: ಎಲೆಯ ಕಂಕುಳಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ಕಪ್ಪುಮಿಶ್ರಿತ ಕಂದು ಬಣ್ಣದ ಮಣಿಗಳಿದ್ದರೆ ಅದು ಬಹುತೇಕ ಟೈಗರ್ ಲಿಲಿಯೇ. ಮಾರ್ಟಗಾನ್ ಲಿಲಿಯಲ್ಲಿ ಎಲೆಗಳು ಕಾಂಡದ ಸುತ್ತ ಚಕ್ರದಂತೆ ಜೋಡಣೆಯಾಗಿರುತ್ತವೆ, ಸಣ್ಣ ಹೂವುಗಳು ತಲೆ ತಗ್ಗಿಸಿ ದಳಗಳನ್ನು ಹಿಂದಕ್ಕೆ ಸುರುಳಿ ಸುತ್ತಿಕೊಂಡಿರುತ್ತವೆ.

ಹೆಚ್ಚು ಗೊಂದಲವಾಗುವುದು ಬಿಳಿಯ ಕಹಳೆಯಾಕಾರದ ಹೂವುಗಳಲ್ಲಿ. ದಳದ ಹೊರಮೈ ಪೂರ್ತಿ ಬಿಳಿಯಾಗಿದ್ದು ಎಲೆ ಅಗಲವಾಗಿದ್ದರೆ ಅದು ಈಸ್ಟರ್ ಲಿಲಿ ಎಂದು ಕರೆಸಿಕೊಳ್ಳುವ ಲಾಂಗಿಫ್ಲೋರಂ. ಎಲೆ ಹುಲ್ಲಿನಂತೆ ಕಿರಿದಾಗಿದ್ದು ಹೊರಮೈಯಲ್ಲಿ ನೇರಳೆ ಗೆರೆಗಳಿದ್ದರೆ ಫಾರ್ಮೋಸಾನಂ. ಹೊರಮೈ ದ್ರಾಕ್ಷಿಯ ಬಣ್ಣಕ್ಕೆ ತಿರುಗಿದ್ದು ಗಂಟಲಿನಲ್ಲಿ ಹಳದಿ ಇದ್ದರೆ ರೀಗಲ್ ಲಿಲಿ. ಈ ಕೊನೆಯದನ್ನು ಸಸ್ಯ ಸಂಗ್ರಾಹಕ ಅರ್ನೆಸ್ಟ್ ವಿಲ್ಸನ್ ಚೀನಾದ ಮಿನ್ ನದಿಯ ಕಣಿವೆಯಿಂದ ತಂದರು. 1910ರಲ್ಲಿ ಅದರ ಗೆಡ್ಡೆಗಳಿಗಾಗಿ ಹೋದಾಗ ಗುಡ್ಡ ಕುಸಿದು ಕಾಲು ಮುರಿದು, ಉಳಿದ ಜೀವಮಾನವೆಲ್ಲ ಅವರು ಕುಂಟುವಂತಾಯಿತು. ನೀಲಿ ಲಿಲಿಯ ಬೀಜ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಲಿಲಿಯಂ ಕುಲದಲ್ಲಿ ಅಚ್ಚ ನೀಲಿ ಹೂವೇ ಇಲ್ಲ.

ಬೇಕಾಗುವ ಸಾಮಗ್ರಿ

ತಳದಲ್ಲಿ ತೂತಿರುವ, ಕನಿಷ್ಠ 10 ಸೆಂ.ಮೀ. ಆಳದ ಬಿತ್ತನೆ ಕುಂಡ. ಗೆಡ್ಡೆಗಾದರೆ 25ರಿಂದ 30 ಸೆಂ.ಮೀ. ಆಳದ ಕುಂಡ. ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ತೆಂಗಿನ ನಾರಿನ ಪುಡಿ, ಅದರೊಂದಿಗೆ ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಚೂರು. ವರ್ಮಿಕ್ಯುಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಹಗುರವಾದ ಖನಿಜದ ಚೂರು. ಬಾಯಿ ಮುಚ್ಚಬಹುದಾದ ಪ್ಲಾಸ್ಟಿಕ್ ಚೀಲಗಳು, ಫ್ರಿಜ್‌ನಲ್ಲಿ ಒಂದು ಮೂಲೆ, ಸೀಸದ ಕಡ್ಡಿ ಮತ್ತು ಹೆಸರಿನ ಚೀಟಿಗಳು. ಶಾಯಿಯ ಬರಹ ಬಿಸಿಲಿಗೆ ಬೇಗ ಮಾಸುತ್ತದೆ, ಸೀಸದ ಕಡ್ಡಿಯದು ವರ್ಷಗಟ್ಟಲೆ ಉಳಿಯುತ್ತದೆ.

ಬೀಜದಿಂದ ಬೆಳೆಸುವುದು

1. ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಲಿಲಿಯ ಬೀಜ ಕಾಗದದ ಚೂರಿನಂತೆ ಚಪ್ಪಟೆಯಾಗಿರುತ್ತದೆ. ಜೀವವಿರುವ ಬೀಜದ ನಡುವೆ ಸಣ್ಣ ಕಡ್ಡಿಯಂತಹ ಕಪ್ಪು ಗೆರೆ ಕಾಣುತ್ತದೆ, ಅದೇ ಭ್ರೂಣ. ಗೆರೆಯಿಲ್ಲದ್ದು ಬರೀ ಜೊಳ್ಳು. ಒಂದು ಕಾಯಿಯಲ್ಲಿ ಜೊಳ್ಳೇ ಹೆಚ್ಚಿರುವುದು ಉಂಟು, ಆದ್ದರಿಂದ ಈ ಐದು ನಿಮಿಷದ ಕೆಲಸವನ್ನು ಬಿಡಬೇಡಿ.

2. ಬೀಜ ಮೊಳೆಯುವ ಬಗೆಯನ್ನು ತಿಳಿಯಿರಿ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೆಲವು ಲಿಲಿಗಳು ಮೊಳೆಯುವಾಗ ಬೀಜದಳವನ್ನು, ಅಂದರೆ ಬೀಜದೊಳಗಿನ ಮೊದಲ ಎಲೆಯನ್ನು, ಮಣ್ಣಿನಿಂದ ಮೇಲಕ್ಕೆ ತರುತ್ತವೆ. ಇವನ್ನು ನೆಲದ ಮೇಲೆ ಮೊಳೆಯುವವು ಎನ್ನೋಣ. ಲಾಂಗಿಫ್ಲೋರಂ, ಫಾರ್ಮೋಸಾನಂ, ರೀಗಲ್ ಹಾಗೂ ಏಷ್ಯಾಟಿಕ್ ಮತ್ತು ಕಹಳೆ ತಳಿಗಳು ಈ ಗುಂಪಿನವು, ಮತ್ತು ಇವು ಸಾಮಾನ್ಯವಾಗಿ ಬಿತ್ತಿದ ಮೂರರಿಂದ ಆರು ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವು ಮಣ್ಣಿನೊಳಗೇ ಮೊಳೆತು, ಅಲ್ಲಿಯೇ ಒಂದು ಪುಟ್ಟ ಗೆಡ್ಡೆ ಕಟ್ಟಿ, ಒಂದು ಚಳಿಗಾಲ ಕಳೆದ ಮೇಲಷ್ಟೇ ಎಲೆಯನ್ನು ಮೇಲಕ್ಕೆ ಕಳುಹಿಸುತ್ತವೆ. ಮಾರ್ಟಗಾನ್, ಸ್ಪೆಸಿಯೋಸಂ, ಔರಾಟಂ ಪ್ರಭೇದಗಳೂ ಓರಿಯಂಟಲ್ ತಳಿಗಳೂ ಹೀಗೆ. ಇವುಗಳ ಕುಂಡ ಮೇಲಿನಿಂದ ನೋಡಿದರೆ ತಿಂಗಳುಗಟ್ಟಲೆ ಬರಿದಾಗಿರುತ್ತದೆ, ಒಳಗೆ ಮಾತ್ರ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಬೀಜ ಹುಸಿಯಾಯಿತೆಂದು ಜನ ಎಸೆಯುವ ಕುಂಡಗಳಲ್ಲಿ ಇಂಥವೇ ಹೆಚ್ಚು.

3. ನೆಲದ ಮೇಲೆ ಮೊಳೆಯುವ ಬೀಜವನ್ನು ಹೀಗೆ ಬಿತ್ತಿ. ಎಲೆಗೊಬ್ಬರ ಮತ್ತು ದಪ್ಪ ಮರಳನ್ನು ಸಮಪಾಲಾಗಿ ಬೆರೆಸಿ ಕುಂಡ ತುಂಬಿ, ಬೀಜಗಳನ್ನು ಎರಡು ಸೆಂ.ಮೀ. ಅಂತರದಲ್ಲಿ ಹರಡಿ, ಅರ್ಧದಿಂದ ಒಂದು ಸೆಂ.ಮೀ. ದಪ್ಪ ಮಣ್ಣು ಮುಚ್ಚಿ. 15ರಿಂದ 21 ಡಿಗ್ರಿ ಸೆಲ್ಸಿಯಸ್ ಇವಕ್ಕೆ ಹಿತ. ಸೆಕೆ ಹೆಚ್ಚಾದರೆ ಮೊಳಕೆ ಕುಂಠಿತವಾಗುತ್ತದೆ. ಸಸಿ ಮೊದಲು ಈರುಳ್ಳಿಯ ಸಸಿಯಂತೆ ಬಗ್ಗಿದ ಕೊಕ್ಕೆಯಾಗಿ ಹೊರಬರುತ್ತದೆ. ಅದನ್ನು ಹುಲ್ಲೆಂದು ಕೀಳುವುದು ತೀರ ಸಾಮಾನ್ಯವಾದ ತಪ್ಪು. ನೀರನ್ನು ಮೇಲಿನಿಂದ ಸುರಿಯುವ ಬದಲು ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಸದಾ ಒದ್ದೆಯಾದ ಮಣ್ಣು, ಗಾಳಿಯಾಡದ ಜಾಗ ಸೇರಿದರೆ ಸಸಿಯ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಸಾಲಾಗಿ ಮಲಗಿಬಿಡುತ್ತವೆ.

4. ಮಣ್ಣಿನೊಳಗೆ ಮೊಳೆಯುವ ಬೀಜಕ್ಕೆ ಚೀಲದ ವಿಧಾನ ಅನುಸರಿಸಿ. ವರ್ಮಿಕ್ಯುಲೈಟನ್ನು ನೆನೆಸಿ, ಮುಷ್ಟಿಯಲ್ಲಿ ಹಿಂಡಿದಾಗ ಒಂದು ಹನಿಯೂ ಬೀಳದಷ್ಟು ತೇವ ಉಳಿಸಿಕೊಂಡು, ಬೀಜದೊಂದಿಗೆ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಮೊದಲ ಮೂರು ತಿಂಗಳು ಸುಮಾರು 20 ಡಿಗ್ರಿಯಲ್ಲಿ ಇಡಬೇಕು. ಚೀಲದ ಹೊರಗಿನಿಂದಲೇ ಅಕ್ಕಿಕಾಳಿನಷ್ಟು ಬಿಳಿಯ ಗೆಡ್ಡೆಗಳು ಕಾಣತೊಡಗಿದ ಮೇಲೆ, ಚೀಲವನ್ನು ಎರಡರಿಂದ ಮೂರು ತಿಂಗಳು ಸುಮಾರು 4 ಡಿಗ್ರಿಯ ಫ್ರಿಜ್‌ಗೆ ವರ್ಗಾಯಿಸಿ. ಮಂಜುಗಡ್ಡೆ ಕಟ್ಟುವ ಖಾನೆಗೆ ಖಂಡಿತ ಇಡಬಾರದು. ನಂತರ ಗೆಡ್ಡೆಗಳನ್ನು ಒಂದು ಸೆಂ.ಮೀ. ಆಳಕ್ಕೆ ನೆಟ್ಟರೆ ಕೆಲವೇ ವಾರಗಳಲ್ಲಿ ಒಂದೊಂದು ಎಲೆ ಮೇಲೆ ಬರುತ್ತದೆ. ಗೆಡ್ಡೆ ಮೂಡುವ ಮೊದಲೇ ಅವಸರದಿಂದ ತಂಪಿಗೆ ಇಟ್ಟರೆ ಆ ಚಳಿ ವ್ಯರ್ಥ, ಏಕೆಂದರೆ ಚಳಿ ಬೇಕಿರುವುದು ಬೀಜಕ್ಕಲ್ಲ, ಗೆಡ್ಡೆಗೆ.

5. ಹೆಸರೇ ಗೊತ್ತಿಲ್ಲದ ಬೀಜವಾದರೆ ಚೀಲದ ವಿಧಾನವನ್ನೇ ಹಿಡಿಯಿರಿ. ಮೊದಲ ಆರು ವಾರಗಳಲ್ಲಿ ಹಸಿರು ಕೊಕ್ಕೆ ಕಂಡರೆ ಅವನ್ನು ಆರಿಸಿ ಕುಂಡಕ್ಕೆ ಹಾಕಿ. ಉಳಿದವಕ್ಕೆ ಮೂರು ತಿಂಗಳು ಬೆಚ್ಚಗೆ, ಮೂರು ತಿಂಗಳು ತಂಪು, ಮತ್ತೆ ಬೆಚ್ಚಗೆ ಎಂಬ ಸುತ್ತು ಪೂರೈಸಿ. ಎರಡೂ ಗುಂಪಿನ ಬೀಜಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಪಶ್ಚಿಮ ಅಮೆರಿಕದ ಕೆಲವು ಪ್ರಭೇದಗಳು ಮಾತ್ರ ಬೆಚ್ಚಗಿನ ಹಂತವನ್ನು ಒಪ್ಪದೆ ತಂಪಿನಲ್ಲಿಯೇ ಮೊಳೆಯುತ್ತವೆ.

6. ಸಸಿಗಳನ್ನು ಮೊದಲ ವರ್ಷ ಕದಲಿಸಬೇಡಿ. ಮೊದಲ ನಿಜವಾದ ಎಲೆ ಬಂದ ಮೇಲೆ ಎರಡು ವಾರಕ್ಕೊಮ್ಮೆ ದ್ರವಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟು ತೆಳುವಾಗಿ ಕೊಡಿ. ಎಲೆ ಒಣಗಿ ಮಾಯವಾದರೆ ಗಿಡ ಸತ್ತಿತೆಂದಲ್ಲ. ಗೆಡ್ಡೆ ವಿಶ್ರಾಂತಿಗೆ ಹೋಗಿರುತ್ತದೆ. ಫಾರ್ಮೋಸಾನಂ ಬಿತ್ತಿದ ಒಂದು ವರ್ಷದೊಳಗೇ ಹೂ ಬಿಡಬಹುದು. ರೀಗಲ್ ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಮಾರ್ಟಗಾನ್‌ಗೆ ಐದರಿಂದ ಏಳು ವರ್ಷ ಬೇಕು. ಹೊಸಬರು ಫಾರ್ಮೋಸಾನಂನಿಂದ ಆರಂಭಿಸುವುದು ಒಳ್ಳೆಯದು, ಅದು ಕಾಯುವ ಕಷ್ಟವನ್ನು ಅಷ್ಟಾಗಿ ಕೊಡುವುದಿಲ್ಲ.

ಗೆಡ್ಡೆಯಿಂದ ಬೆಳೆಸುವುದು

7. ಗೆಡ್ಡೆಯನ್ನು ಒತ್ತಿ ನೋಡಿ ಆರಿಸಿ. ಅದು ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ತೂಕವಾಗಿ, ತಳದಲ್ಲಿ ಜೀವಂತ ಬೇರುಗಳನ್ನು ಉಳಿಸಿಕೊಂಡಿರಬೇಕು. ಪೊಟ್ಟಣದ ಮೇಲಿನ 14/16 ಎಂಬಂತಹ ಅಂಕಿ ಗೆಡ್ಡೆಯ ಸುತ್ತಳತೆಯನ್ನು ಸೆಂ.ಮೀ.ನಲ್ಲಿ ಹೇಳುತ್ತದೆ, ಒಂದೇ ತಳಿಯಲ್ಲಿ ಅಂಕಿ ದೊಡ್ಡದಾದಷ್ಟೂ ಮೊಗ್ಗು ಹೆಚ್ಚು. ಶಲ್ಕದ ಮೇಲೆ ಅಲ್ಲಲ್ಲಿ ಬೂಷ್ಟು ಇದ್ದು ಗೆಡ್ಡೆ ಗಟ್ಟಿಯಾಗಿದ್ದರೆ ಒರೆಸಿ ನೆಡಬಹುದು. ತಳವೇ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ.

8. ತಂದ ಕೂಡಲೇ ನೆಡಿ. ಒಣ ಸಿಪ್ಪೆಯ ರಕ್ಷಣೆ ಇಲ್ಲದ ಕಾರಣ ಲಿಲಿಯ ಗೆಡ್ಡೆ ಬೇಗ ಬಾಡುತ್ತದೆ, ಈರುಳ್ಳಿಯಂತೆ ಬುಟ್ಟಿಯಲ್ಲಿ ಹರಡಿ ಇಟ್ಟರೆ ಕೆಡುತ್ತದೆ. ಕಾಯಲೇಬೇಕಾದರೆ ತುಸು ತೇವದ ನಾರಿನ ಪುಡಿಯಲ್ಲಿ ಹುದುಗಿಸಿ ಫ್ರಿಜ್‌ನಲ್ಲಿಡಿ. ಚಳಿ ಕಡಿಮೆ ಇರುವ ಪ್ರದೇಶದವರಿಗೆ ಇದು ಅನಿವಾರ್ಯವೂ ಹೌದು: ಹೆಚ್ಚಿನ ಲಿಲಿಗಳು ಹೂಬಿಡಲು ಆರರಿಂದ ಎಂಟು ವಾರ 2ರಿಂದ 5 ಡಿಗ್ರಿಯ ತಂಪನ್ನು ಬಯಸುತ್ತವೆ. ಅದೇ ಫ್ರಿಜ್‌ನಲ್ಲಿ ಮಾಗಿದ ಹಣ್ಣು ಇಡಬೇಡಿ. ಹಣ್ಣು ಹೊರಸೂಸುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಹಾಳುಮಾಡಬಹುದು. ಪ್ರತಿವರ್ಷ ಈ ಉಪಚಾರ ಮಾಡಲಾಗದವರಿಗೆ ಲಾಂಗಿಫ್ಲೋರಂ ಮತ್ತು ಫಾರ್ಮೋಸಾನಂಗಳೇ ಹೆಚ್ಚು ಹೊಂದುತ್ತವೆ. ಮಾರ್ಟಗಾನ್‌ನ ಆಸೆಯನ್ನು ಬಿಡುವುದು ಲೇಸು.

9. ಆಳವಾಗಿ ನೆಡಿ. ಗೆಡ್ಡೆಯ ಎತ್ತರದ ಎರಡರಿಂದ ಮೂರರಷ್ಟು ಮಣ್ಣು ಅದರ ತಲೆಯ ಮೇಲೆ ಇರಬೇಕು, ಅಂದರೆ ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಇದಕ್ಕೆ ಕಾರಣವಿದೆ. ಬಹುತೇಕ ಲಿಲಿಗಳು ಗೆಡ್ಡೆಯ ತಳದಿಂದ ಮಾತ್ರವಲ್ಲದೆ, ಗೆಡ್ಡೆಯ ಮೇಲೆ ಮಣ್ಣೊಳಗಿರುವ ಕಾಂಡದಿಂದಲೂ ಬೇರು ಬಿಡುತ್ತವೆ. ಮೇಲೆ ನೆಟ್ಟರೆ ಆ ಬೇರುಗಳಿಗೆ ಜಾಗವೇ ಸಿಗದೆ, ಗಿಡ ಹಸಿದು, ಮೊಗ್ಗಿನ ಭಾರಕ್ಕೆ ವಾಲುತ್ತದೆ. ಮಡೋನ್ನಾ ಲಿಲಿ ಎಂದು ಹೆಸರಾದ ಕ್ಯಾಂಡಿಡಂ ಇದಕ್ಕೆ ಅಪವಾದ. ಅದರ ತಲೆಯ ಮೇಲೆ ಎರಡು ಮೂರು ಸೆಂ.ಮೀ. ಮಣ್ಣು ಸಾಕು. ನೀರು ನಿಲ್ಲುವ ಮಣ್ಣಾದರೆ ಏರು ಮಡಿ ಮಾಡಿ. ಗಿಡದ ತಲೆಗೆ ಬೆಳಗಿನ ಬಿಸಿಲು, ಬುಡಕ್ಕೆ ಒಣ ಎಲೆಯ ಹೊದಿಕೆಯ ನೆರಳು ಇರಲಿ. ಓರಿಯಂಟಲ್ ತಳಿಗಳಿಗೆ ತುಸು ಆಮ್ಲೀಯ ಮಣ್ಣು ಬೇಕು, ಸುಣ್ಣದ ಅಂಶವನ್ನು ಅವು ಸಹಿಸುವುದಿಲ್ಲ.

10. ಹೂ ಮುಗಿದ ಮೇಲೆ ಕಾಂಡವನ್ನು ಕತ್ತರಿಸಬೇಡಿ. ಮರುವರ್ಷ ಗೆಡ್ಡೆ ಮಾಯವಾಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಎರಡರಲ್ಲೊಂದು ಕಾರಣ ಇರುತ್ತದೆ: ಹೂದಾನಿಗೆಂದು ಕಾಂಡವನ್ನು ಬುಡದವರೆಗೆ ಕೊಯ್ದಿರುತ್ತಾರೆ, ಇಲ್ಲವೇ ಎಲೆ ಒಣಗಿದ ಮೇಲೂ ಮೊದಲಿನಂತೆಯೇ ನೀರು ಸುರಿದು ಗೆಡ್ಡೆಯನ್ನು ಕೊಳೆಸಿರುತ್ತಾರೆ. ಬಾಡಿದ ಹೂವನ್ನಷ್ಟೇ ಚಿವುಟಿ, ಎಲೆಗಳು ತಾವಾಗಿ ಹಳದಿಯಾಗುವವರೆಗೆ ಕಾಂಡವನ್ನು ಉಳಿಸಿ, ಆಮೇಲೆ ನೀರನ್ನು ಕಡಿಮೆ ಮಾಡಿ. ಮಣ್ಣು ಪೂರ್ತಿ ಒಣಗಬಾರದು, ಹಸಿ ಹಸಿಯಾಗಿಯೂ ಇರಬಾರದು. ಬಟ್ಟೆಗೆ ಪರಾಗ ತಾಗಿದರೆ ನೀರು ಹಾಕಿ ಉಜ್ಜದೆ ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ.

11. ಗೆಡ್ಡೆಯನ್ನು ಹೆಚ್ಚಿಸಿಕೊಳ್ಳಲು ಶಲ್ಕಗಳನ್ನು ಬಳಸಿ. ಆರೋಗ್ಯವಾದ ಗೆಡ್ಡೆಯ ಹೊರಸುತ್ತಿನ ನಾಲ್ಕಾರು ಶಲ್ಕಗಳನ್ನು ತಳಕ್ಕೆ ಹತ್ತಿಕೊಂಡಂತೆ ಮುರಿದು, ತೇವದ ವರ್ಮಿಕ್ಯುಲೈಟ್ ಚೀಲದಲ್ಲಿ 20ರಿಂದ 25 ಡಿಗ್ರಿಯಲ್ಲಿಟ್ಟರೆ, ಆರರಿಂದ ಎಂಟು ವಾರಗಳಲ್ಲಿ ಮುರಿದ ಅಂಚಿನಲ್ಲಿ ಮರಿಗೆಡ್ಡೆಗಳು ಮೂಡುತ್ತವೆ. ಅವನ್ನು ಆರೆಂಟು ವಾರ ತಂಪಿನಲ್ಲಿಟ್ಟು ನೆಡಬೇಕು. ತಾಯಿಗೆಡ್ಡೆಯನ್ನು ಮತ್ತೆ ಮಣ್ಣಿಗೆ ಸೇರಿಸಿದರೆ ಅದೂ ಬದುಕುತ್ತದೆ. ತಳಿಯ ಹೂವು ಇದ್ದ ಹಾಗೆಯೇ ಬೇಕೆಂದರೆ ದಾರಿ ಇದೇ. ಸಂಕರ ತಳಿಯ ಬೀಜದಿಂದ ಬಂದ ಸಸಿಗಳು ಒಂದೊಂದೂ ಒಂದೊಂದು ತರಹ ಇರುತ್ತವೆ, ತಾಯಿಯ ಹೆಸರನ್ನು ಅವುಗಳಿಗೆ ಇಡಲು ಬರುವುದಿಲ್ಲ. ಟೈಗರ್ ಲಿಲಿಗೆ ಈ ಶ್ರಮವೇ ಬೇಡ: ಅದರ ಎಲೆಕಂಕುಳಿನ ಮಣಿಗಳು ಮುಟ್ಟಿದರೆ ಉದುರುವಂತಾದಾಗ ಬಿಡಿಸಿ ಎರಡು ಸೆಂ.ಮೀ. ಆಳಕ್ಕೆ ಊರಿದರೆ ಸಾಕು.

12. ರೋಗದ ಮೇಲೆ ಕಣ್ಣಿಡಿ. ಎಲೆಯ ಮೇಲೆ ಮೊಟ್ಟೆಯಾಕಾರದ ಕಂದು ಚುಕ್ಕೆಗಳು ಎದ್ದು ಕೆಳಗಿನಿಂದ ಮೇಲಕ್ಕೆ ಹರಡಿದರೆ ಅದು ಬೊಟ್ರೈಟಿಸ್ ಎಂಬ ಶಿಲೀಂಧ್ರ. ರೋಗದ ಎಲೆಗಳನ್ನು ತೆಗೆದು ನಾಶಪಡಿಸಿ, ನೀರನ್ನು ಬುಡಕ್ಕಷ್ಟೇ ಹಾಕಿ, ಗಿಡಗಳ ನಡುವೆ ಗಾಳಿಯಾಡಲು ಬಿಡಿ. ಎಲೆಯಲ್ಲಿ ಹಳದಿ ಗೀರುಗಳು, ತಿರುಚಿದ ಬೆಳವಣಿಗೆ, ಬಣ್ಣ ಒಡೆದು ಪಟ್ಟೆಪಟ್ಟೆಯಾದ ಹೂವು ಕಂಡರೆ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ತೆಗೆಯುವುದೊಂದೇ ಉಪಾಯ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಗಿಡಹೇನು. ಟೈಗರ್ ಲಿಲಿ ಹೊರಗೆ ಏನೂ ತೋರಿಸದೆ ವೈರಸ್ಸನ್ನು ಹೊತ್ತಿರಬಲ್ಲದು, ಹಾಗಾಗಿ ಬೀಜದ ಸಸಿಗಳನ್ನು ಅದರ ಪಕ್ಕದಲ್ಲಿ ಇಡಬೇಡಿ. ಲಿಲಿಯ ವೈರಸ್‌ಗಳು ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ. ಬೀಜದ ದಾರಿ ಎಷ್ಟೇ ನಿಧಾನವಾದರೂ ನಾನು ಅದನ್ನು ಬಿಡದಿರುವುದು ಇದಕ್ಕಾಗಿಯೇ.

13. ನಿಮ್ಮದೇ ಬೀಜ ಮಾಡಿಕೊಳ್ಳಿ. ಹಲವು ಲಿಲಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಒಂದೇ ತಳಿಯ ಹತ್ತು ಗಿಡಗಳಿದ್ದರೂ ಅವು ಒಂದೇ ಗಿಡದ ತುಂಡುಗಳಾದ್ದರಿಂದ ಉಪಯೋಗವಿಲ್ಲ. ಅದೇ ಗುಂಪಿನ ಬೇರೊಂದು ತಳಿಯ ಪರಾಗ ಬೇಕು. ಫಾರ್ಮೋಸಾನಂ ಮತ್ತು ರೀಗಲ್ ತಾವೇ ಕಾಯಿ ಕಟ್ಟುತ್ತವೆ. ಟೈಗರ್ ಲಿಲಿ ಸಾಮಾನ್ಯವಾಗಿ ಬೀಜವನ್ನೇ ಕೊಡುವುದಿಲ್ಲ. ಹೂವಿನ ನಡುವಿನ ಶಲಾಕೆಯ ತುದಿ ಅಂಟಂಟಾದಾಗ ಪರಾಗವನ್ನು ಕುಂಚದಿಂದ ಸವರಿ, ಕಾಯಿ ಬಲಿಯಲು ಎರಡು ಮೂರು ತಿಂಗಳು ಬಿಡಿ. ಕಾಯಿಯ ತುದಿ ಹಳದಿಯಾಗಿ ಬಿರಿಯಲು ಶುರುವಾದ ದಿನವೇ ಕೊಯ್ಯಬೇಕು, ತಡವಾದರೆ ಮೂರು ಕೋಣೆಗಳ ಬೀಜವೂ ಗಾಳಿಪಾಲು. ಕಾಗದದ ಚೀಲದಲ್ಲಿ ಒಣಗಿಸಿ, ಜೊಳ್ಳು ತೂರಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಕೆಲವು ವರ್ಷ ಕೆಡದು. ಪೊಟ್ಟಣದ ಮೇಲೆ ತಾಯಿಗಿಡದ ಹೆಸರು, ಪರಾಗ ಕೊಟ್ಟ ಗಿಡದ ಹೆಸರು, ಕೊಯ್ದ ತಿಂಗಳು ಇವಿಷ್ಟನ್ನು ಬರೆದು, ಕೊನೆಗೆ ಅದು ನೆಲದ ಮೇಲೆ ಮೊಳೆಯುವುದೋ ಮಣ್ಣಿನೊಳಗೆ ಮೊಳೆಯುವುದೋ ಎಂಬುದನ್ನೂ ಸೇರಿಸಿ; ನಿಮ್ಮಿಂದ ಬೀಜ ಪಡೆದವರು ಆಗ ಬರಿದಾಗಿ ಕಾಣುವ ಕುಂಡವನ್ನು ಎಸೆಯಲಾರರು.